ಕಾವೇರಿಯ ಕೇಸ್ ಶೀಟ್ ಬರೆಯುವವರಿಗೆ

ತ್ರಿವೇಣಿಯವರ ‘ಶರಪಂಜರ’ದ ಬಗ್ಗೆ ಈಗ ಎಲ್ಲಿ ಮಾತು ಶುರುವಾದರೂ, ಸ್ವಲ್ಪ ಹೊತ್ತಿನಲ್ಲೇ ಯಾರಾದರೊಬ್ಬರು ಕಾವೇರಿಗೆ ಒಂದು ಕಾಯಿಲೆಯ ಹೆಸರು ಕೊಟ್ಟಿರುತ್ತಾರೆ. ಒಬ್ಬರು ಬೈಪೋಲಾರ್ ಎನ್ನುತ್ತಾರೆ, ಇನ್ನೊಬ್ಬರು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಎನ್ನುತ್ತಾರೆ, ಮತ್ತೊಬ್ಬರು ಟ್ರಾಮಾ ಎನ್ನುತ್ತಾರೆ. ಹೆಸರು ಸಿಕ್ಕಿತೆಂದರೆ ಚರ್ಚೆ ಮುಗಿಯಿತು. ಬಸವನಗುಡಿ, ಚಾಮರಾಜಪೇಟೆಯ ಸಭೆಗಳಲ್ಲಿ ನಡೆಯುವುದೂ ಇದೇ, ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನಡೆಯುವುದೂ ಇದೇ. ಈ ಓದಿನ ಬಗ್ಗೆ ನನಗೆ ತಕರಾರಿದೆ.

ಕತೆಯನ್ನೊಮ್ಮೆ ನೆನಪಿಸಿಕೊಳ್ಳಿ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆ ಸೇರುತ್ತಾಳೆ, ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ, ಸುಮ್ಮನೆ ಕೂತರಂತೂ ಇನ್ನೂ ಅನುಮಾನ. ಗಂಡ ಸತೀಶ ದೂರವಾಗುತ್ತಾನೆ, ಬೇರೆ ಹೆಣ್ಣಿನತ್ತ ವಾಲುತ್ತಾನೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ.

ಅವಳ ಪ್ರತಿಯೊಂದು ನಡವಳಿಕೆಯನ್ನೂ ಕಾಯಿಲೆಯ ಲಕ್ಷಣವೆಂದು ಓದುವ ಕೆಲಸವನ್ನು ಕಾದಂಬರಿಯೊಳಗಿನ ಮನೆಯವರೂ ನೆರೆಹೊರೆಯವರೂ ಆಗಲೇ ಮಾಡಿ ಮುಗಿಸಿದ್ದಾರೆ. ನಾವು ಹೊಸದಾಗಿ ಮಾಡುವುದೇನು? ಅವರು ‘ಹುಚ್ಚು’ ಎಂದ ಕಡೆ ಒಂದು ಇಂಗ್ಲಿಷ್ ಪದ ಇಡುತ್ತೇವೆ. ಬೆಂಗಳೂರಿಗೆ ಇದೇನೂ ಅಪರಿಚಿತವಲ್ಲ. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡು ‘ಹುಚ್ಚಾಸ್ಪತ್ರೆ’ ಎಂಬ ಮಾತು ಹಿಂದೆ ಸರಿಯಿತು. ಆದರೆ ‘ಅವನೊಬ್ಬ ನಿಮ್ಹಾನ್ಸ್ ಕೇಸು’ ಎಂಬ ಬೈಗುಳ ಹುಟ್ಟಿಕೊಂಡಿತು. ಪದ ಬದಲಾಯಿತು, ನೋಟ ಬದಲಾಗಲಿಲ್ಲ.

ಹಾಗಾದರೆ ಮನಶ್ಶಾಸ್ತ್ರದ ಓದೇ ಬೇಡವೇ ಎಂದು ಕೇಳಬಹುದು. ಬೇಕು. ತ್ರಿವೇಣಿಯವರೇ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಕಾವೇರಿಯ ಕಾಯಿಲೆ ಅವರಿಗೆ ರೂಪಕವಲ್ಲ, ದೆವ್ವದ ಕಾಟವೂ ಅಲ್ಲ; ವೈದ್ಯರಿಂದ ವಾಸಿಯಾಗುವ ಕಾಯಿಲೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮೊದಲ ಸಲದ ಕಾಯಿಲೆಗೆ ವೈದ್ಯಕೀಯ ಹೆಸರು ಕೊಡಿ, ನನ್ನ ಅಭ್ಯಂತರವಿಲ್ಲ. ಎರಡನೆಯ ಕುಸಿತವನ್ನೂ ಬರೀ ‘ರಿಲ್ಯಾಪ್ಸ್’ ಎಂದು ಬರೆದು ಕೈತೊಳೆದುಕೊಳ್ಳುವುದಕ್ಕೆ ಅಭ್ಯಂತರವಿದೆ. ಆ ಕುಸಿತಕ್ಕೆ ಕಾರಣರಾದವರಿಗೆ ಕಾದಂಬರಿಯಲ್ಲಿ ಹೆಸರಿದೆ, ಮನೆಯಿದೆ, ಮರ್ಯಾದೆಯಿದೆ. ರಿಲ್ಯಾಪ್ಸ್ ಎಂದ ತಕ್ಷಣ ಅವರೆಲ್ಲ ಖುಲಾಸೆಯಾಗುತ್ತಾರೆ. ಇಷ್ಟೊಂದು ರೋಗನಿರ್ಣಯಗಳ ನಡುವೆ ಸತೀಶನಿಗೆ ಒಂದೂ ಇಲ್ಲ ಎನ್ನುವುದನ್ನು ಗಮನಿಸಿ. ಅವನದ್ದು ‘ಪರಿಸ್ಥಿತಿ’, ಅವಳದ್ದು ‘ಲಕ್ಷಣ’!

ಮುಂದೆ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು. ಇವತ್ತಿಗೂ ಜನ ಕೊಂಡಾಡುವುದು ಕಲ್ಪನಾ ಅವರ ಕೊನೆಯ ಅಬ್ಬರವನ್ನು. ಆ ಅಭಿನಯಕ್ಕೆ ಕೈಮುಗಿಯೋಣ. ಆದರೆ ಆಸ್ಪತ್ರೆಯಿಂದ ಬಂದ ಕಾವೇರಿ ತನ್ನ ಮನೆಯಲ್ಲೇ ಪರಕೀಯಳಾಗುವ ದಿನಗಳು ನಮ್ಮ ನೆನಪಿನಲ್ಲಿ ಯಾಕೆ ಅಷ್ಟು ಗಟ್ಟಿಯಾಗಿ ಉಳಿದಿಲ್ಲ? ಹುಚ್ಚು ನೋಡುವುದಕ್ಕೆ ರೋಚಕ. ಹುಚ್ಚಿಲ್ಲದವಳನ್ನು ಹುಚ್ಚಿಯೆಂದು ನಡೆಸಿಕೊಳ್ಳುವುದನ್ನು ನೋಡಿದರೆ ನಮ್ಮ ಮನೆಗಳೇ ನೆನಪಾಗುತ್ತವೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಒಂದು ಮಾತು ಹೇಳುತ್ತದೆ: ಹಿಂದೆ ಚಿಕಿತ್ಸೆ ಪಡೆದಿದ್ದರು, ಆಸ್ಪತ್ರೆಯಲ್ಲಿದ್ದರು ಎನ್ನುವುದೊಂದನ್ನೇ ಆಧಾರವಾಗಿಟ್ಟುಕೊಂಡು ಒಬ್ಬರಿಗೆ ಈಗ ಮಾನಸಿಕ ಕಾಯಿಲೆಯಿದೆ ಎಂದು ತೀರ್ಮಾನಿಸುವಂತಿಲ್ಲ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿ ಈ ಮಾತನ್ನು ಕಾದಂಬರಿಯಾಗಿ ಬರೆದಿಟ್ಟು ಹೋಗಿದ್ದರು. ಕಾನೂನಿಗೆ ಅರ್ಥವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೆಷ್ಟು ಬೇಕು?

ನಮ್ಮ ತರಗತಿಗಳಲ್ಲಿ ಮಾತ್ರೆ ನುಂಗುತ್ತ ಕೂತಿರುವ, ಅದನ್ನು ಯಾರಿಗೂ ಹೇಳಿಕೊಳ್ಳಲಾಗದ ಗೆಳೆಯ ಗೆಳತಿಯರಿದ್ದಾರೆ. ಕಾವೇರಿಯನ್ನು ನಾವು ಓದುವ ರೀತಿಯನ್ನು ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಮುಂದಿನ ಸಲ ‘ಶರಪಂಜರ’ದ ಮೇಲೆ ಪ್ರಬಂಧ ಬರೆಯುವವರು ದಯವಿಟ್ಟು ಸತೀಶನಿಂದ ಶುರುಮಾಡಿ.