ಹೂಜಿ ಗಿಡದ ಮುಚ್ಚಳ ಮುಚ್ಚುವುದಿಲ್ಲ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುರುಡುಮಲೆಯ ಗಣಪನ ದರ್ಶನಕ್ಕೆಂದು ಸಂಸಾರ ಸಮೇತ ಬಂದವನು ನಮ್ಮ ಮನೆಗೂ ಬಂದಿದ್ದ. ಏಳನೆಯ ತರಗತಿಯಲ್ಲಿ ಓದುತ್ತಿರುವ ಅವನ ಮಗಳು ಕೇಳಿದಳು: "ತಾತಾ, ಹುಳ ಬಿದ್ದ ಕೂಡಲೇ ಹೂಜಿ ಗಿಡ ಮುಚ್ಚಳ ಮುಚ್ಚಿಕೊಳ್ಳುತ್ತಂತಲ್ಲ, ಮತ್ತೆ ಯಾವಾಗ ತೆಗೆಯುತ್ತೆ?" ಅದು ಮುಚ್ಚುವುದೇ ಇಲ್ಲ ಮಗು, ಎಂದೆ. ಅವಳಪ್ಪ ನಕ್ಕು, "ಮೇಷ್ಟ್ರೇ, ಮುಚ್ಚುತ್ತದೆ ಎಂದು ನಮಗೆ ನೋಟ್ಸಿನಲ್ಲಿ ಬರೆಸಿದ್ದು ನೀವೇ" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರ.

ನಾನು ಪಾಠ ಮಾಡಿದ ಪುಸ್ತಕದಲ್ಲಿ ಹಾಗೆಯೇ ಇತ್ತು. ಹುಳ ಒಳಗೆ ಬೀಳುತ್ತದೆ, ಮುಚ್ಚಳ ಮುಚ್ಚಿಕೊಳ್ಳುತ್ತದೆ, ಕೆಳಮುಖವಾದ ರೋಮಗಳಲ್ಲಿ ಹುಳ ಸಿಕ್ಕಿಬೀಳುತ್ತದೆ, ಗಿಡ ಅದನ್ನು ತಿನ್ನುತ್ತದೆ. ನಾನು ಹೂಜಿ ಗಿಡವನ್ನು ಕಣ್ಣಾರೆ ಕಂಡವನಲ್ಲ. ಆದರೂ ಕಂಡವನಂತೆ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂಕ ಕೊಟ್ಟೆ. ಇಂದಿಗೂ ಎಷ್ಟೋ ತರಗತಿಗಳಲ್ಲಿ ಇದೇ ನಡೆಯುತ್ತಿದೆ. ಇದನ್ನು ನಾನು ವಿರೋಧಿಸುತ್ತೇನೆ, ಮೊದಲು ನನ್ನ ವಿರುದ್ಧವೇ ಸಾಕ್ಷಿ ನುಡಿದು.

ನಿಜ ಇಷ್ಟು. ನೆಪೆಂಥಿಸ್ ಎಂಬ ಈ ಕುಲದಲ್ಲಿ 150ಕ್ಕೂ ಹೆಚ್ಚು ಪ್ರಭೇದಗಳಿವೆ. ಬೋರ್ನಿಯೊ, ಸುಮಾತ್ರಾ, ಫಿಲಿಪ್ಪೀನ್ಸ್ ಇವುಗಳ ತವರು. ಭಾರತದಲ್ಲಿ ಸಹಜವಾಗಿ ಬೆಳೆಯುವುದು ಒಂದೇ, ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳ ನೆಪೆಂಥಿಸ್ ಖಾಸಿಯಾನಾ. ಎಲೆಯ ತುದಿ ಬಳ್ಳಿಯ ಕುಡಿಯಂತೆ ಚಾಚಿ, ಅದರ ಕೊನೆ ಉಬ್ಬಿ ಹೂಜಿಯಾಗುತ್ತದೆ. ಎಳೆಯ ಹೂಜಿಯ ಬಾಯಿ ಮುಚ್ಚಿರುತ್ತದೆ, ಬಲಿತ ಮೇಲೆ ಒಮ್ಮೆ ತೆರೆಯುತ್ತದೆ. ಮತ್ತೆಂದೂ ಮುಚ್ಚುವುದಿಲ್ಲ. ಮುಚ್ಚಳವಿರುವುದು ಮುಖ್ಯವಾಗಿ ಮಳೆಯ ನೀರು ತುಂಬಿ ಒಳಗಿನ ಪಾಚಕ ರಸ ತೆಳುವಾಗದಿರಲೆಂದು. ಬಾಯಿಯ ಅಂಚು ಜೇನಿನಿಂದ ಕೀಟವನ್ನು ಕರೆಯುತ್ತದೆ. ಒದ್ದೆಯಾದಾಗ ಪಾಚಿ ಕಟ್ಟಿದ ಕಲ್ಯಾಣಿಯ ಮೆಟ್ಟಿಲಿನಂತೆ ಜಾರುತ್ತದೆ. ಒಳಗೋಡೆಗೆ ಅನೇಕ ಪ್ರಭೇದಗಳಲ್ಲಿ ಮೇಣದ ಲೇಪವಿದೆ. ಕೆಳಮುಖದ ರೋಮಗಳಿರುವುದು ಅಮೆರಿಕದ ಸರಸೇನಿಯಾ ಎಂಬ ಬೇರೆಯೇ ಹೂಜಿ ಗಿಡದಲ್ಲಿ. ಥಟ್ಟನೆ ಮುಚ್ಚಿಕೊಳ್ಳುವುದು ವೀನಸ್ ಫ್ಲೈಟ್ರ್ಯಾಪ್ ಎಂಬ ಇನ್ನೊಂದರ ಎಲೆ. ಮೂರು ಗಿಡಗಳನ್ನು ಕಲಸಿ ಒಂದು ಗಿಡ ಮಾಡಿ ನಾವು ಮಕ್ಕಳಿಗೆ ಬಡಿಸಿದ್ದೇವೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. "ಮಾಂಸಾಹಾರಿ ಸಸ್ಯ" ಎಂದೊಡನೆ ಮಗುವಿನ ಮನಸ್ಸಿಗೆ ಹುಲಿಯ ಚಿತ್ರ ಬರುತ್ತದೆ. ಹೂಜಿ ಗಿಡ ಹಸಿರಾಗಿದೆ. ತನ್ನ ಅನ್ನವನ್ನು ಬಿಸಿಲು, ನೀರು, ಗಾಳಿಗಳಿಂದ ತಾನೇ ಬೇಯಿಸಿಕೊಳ್ಳುತ್ತದೆ. ಅದು ನಿಂತ ನೆಲದಲ್ಲಿ ಸಾರಜನಕ, ರಂಜಕಗಳು ತೀರ ಕಡಿಮೆ. ಆ ಕೊರತೆಯನ್ನು ಕೀಟದಿಂದ ತುಂಬಿಕೊಳ್ಳುತ್ತದೆ. ಹುಳ ಅದಕ್ಕೆ ಊಟವಲ್ಲ, ಗೊಬ್ಬರ. ಮುಳಬಾಗಿಲು ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಡ ಕೆಮ್ಮಣ್ಣಿಗೆ ತಿಪ್ಪೆ ಗೊಬ್ಬರ ಹೊಡೆದು, ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ, ತೊಗರಿ ಹಾಕುವವನು ಅವನು. ಅವನ ಮಗನಿಗೆ "ಗೊಬ್ಬರ" ಎಂದಿದ್ದರೆ ಕ್ಷಣದಲ್ಲಿ ಅರ್ಥವಾಗುತ್ತಿತ್ತು. ನಾವು "ಬೇಟೆ" ಎಂದೆವು.

ಸಂಶಯವಿದ್ದರೆ ಬೋರ್ನಿಯೊದ ನೆಪೆಂಥಿಸ್ ಲೋವಿಯನ್ನು ನೋಡಿ. ಅಳಿಲನ್ನು ಹೋಲುವ ಟ್ರೀ ಶ್ರೂ ಎಂಬ ಪ್ರಾಣಿ ಅದರ ಮುಚ್ಚಳದ ಅಡಿಯ ರಸ ನೆಕ್ಕಲು ಹೂಜಿಯ ಮೇಲೆ ಕೂರುತ್ತದೆ, ಹಾಗೆಯೇ ಹಿಕ್ಕೆ ಹಾಕುತ್ತದೆ. ಬಲಿತ ಗಿಡದ ಎಲೆಯ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಹಿಕ್ಕೆಯಿಂದಲೇ ಬಂದದ್ದೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೆಮ್ಸ್‌ಲೆಯಾನಾ ಎಂಬ ಪ್ರಭೇದ ಪುಟ್ಟ ಬಾವಲಿಗೆ ಹಗಲಿನ ಬಿಡಾರ ಕೊಟ್ಟು ಅದರ ಹಿಕ್ಕೆ ಪಡೆಯುತ್ತದೆ. ಆಂಪುಲೇರಿಯಾ ಮೇಲಿನಿಂದ ಉದುರುವ ತರಗೆಲೆಗಳಿಂದಲೂ ಪೋಷಕಾಂಶ ಹೀರುತ್ತದೆ. ತಿಪ್ಪೆ ಕಾಯುವ ಈ ಸಾಧುಗಳನ್ನು ಕೊಲೆಗಡುಕರೆಂದು ಹೇಗೆ ಕರೆಯೋಣ?

"ಚಿಕ್ಕ ಮಕ್ಕಳಿಗೆ ಇಷ್ಟು ಸೂಕ್ಷ್ಮವೇಕೆ, ರೋಚಕವಾಗಿ ಹೇಳಿದರೆ ನೆನಪಿರುತ್ತದೆ" ಎನ್ನುವ ಸಹೋದ್ಯೋಗಿಗಳಿದ್ದಾರೆ. ನೆನಪಿರುತ್ತದೆ, ನಿಜ, ಏನು ನೆನಪಿರುತ್ತದೆ ಎಂಬುದೇ ಪ್ರಶ್ನೆ. 1874ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಮಡಗಾಸ್ಕರಿನಲ್ಲಿ ಮನುಷ್ಯರನ್ನು ನುಂಗುವ ಮರವಿದೆಯೆಂದು ಕಟ್ಟುಕತೆ ಅಚ್ಚುಹಾಕಿತು. ಅದೇ ವರ್ಷ ಜೋಸೆಫ್ ಹೂಕರ್ ನೆಪೆಂಥಿಸ್‌ನ ಜೀರ್ಣಕ್ರಿಯೆಯನ್ನು ಪ್ರಯೋಗ ಮಾಡಿ ವಿವರಿಸಿದರು. ಮರುವರ್ಷ ಡಾರ್ವಿನ್ ಕೀಟಾಹಾರಿ ಸಸ್ಯಗಳ ಬಗ್ಗೆ ಇಡೀ ಗ್ರಂಥವನ್ನೇ ಹೊರತಂದರು. ಆದರೆ ಊರೂರು ಸುತ್ತಿದ್ದು ಕಟ್ಟುಕತೆ. ನಮ್ಮಲ್ಲಿಯೂ 2007ರಲ್ಲಿ ಉಪ್ಪಿನಂಗಡಿ ಕಡೆಯ ಕಾಡಂಚಿನಲ್ಲಿ "ಪಿಲಿಮರ" ಹಸುವೊಂದನ್ನು ನುಂಗಲು ಹೊರಟಿತೆಂಬ ಸುದ್ದಿ ದೇಶವೆಲ್ಲ ಹರಡಿತು. ಹಸು ನುಂಗುವ ಮರ ಭೂಮಿಯ ಮೇಲೆಲ್ಲೂ ಇಲ್ಲ. ಅದನ್ನು ನಂಬಿದ ವಿದ್ಯಾವಂತರೆಲ್ಲ ನಮ್ಮಂಥ ಮೇಷ್ಟ್ರುಗಳ ಕೈಕೆಳಗೆ ಓದಿದವರೇ ಅಲ್ಲವೇ?

"ಪುಸ್ತಕದಲ್ಲಿದ್ದಂತೆ ಬರೆಯದಿದ್ದರೆ ಅಂಕ ಹೋಗುತ್ತದೆ" ಎಂಬ ಮಾತೂ ಇದೆ. ಅಂಕ ಕೊಡುವವರು ನಾವೇ. ತಪ್ಪು ಪುಸ್ತಕದಲ್ಲಿದೆಯೆಂದು ತಿಳಿದೂ ಅದಕ್ಕೆ ಅಂಕ ಕೊಡುವುದು ಮಗುವಿಗೆ ಕಲಿಸುವ ಮೊದಲ ಅಪ್ರಾಮಾಣಿಕತೆ.

ನಿಮ್ಮಲ್ಲಿ ಹಲವರು ಇಂದು ಅಧ್ಯಾಪಕರಾಗಿದ್ದೀರಿ. ನಿಮ್ಮಲ್ಲಿ ಎರಡು ಬೇಡಿಕೆ. ಆ ಪಾಠ ಬಂದಾಗ ಮುಚ್ಚಳ ಮುಚ್ಚುವುದಿಲ್ಲವೆಂದು ಹೇಳಿ. ಹೂಜಿ ಗಿಡ ಕರ್ನಾಟಕದ ಕಾಡಿನಲ್ಲಿಲ್ಲ, ಆದರೆ ಅದರ ದೂರದ ನೆಂಟ ಡ್ರೊಸೆರಾ ಇದೆ. ಕರಾವಳಿಯ ಮುರಕಲ್ಲಿನ ಹಾಸುಗಳಲ್ಲಿ ಮಳೆಗಾಲದ ಜವುಗಿನ ಮೇಲೆ, ರೂಪಾಯಿ ನಾಣ್ಯದಷ್ಟಗಲ, ಎಲೆಯ ತುಂಬ ಇಬ್ಬನಿಯಂಥ ಅಂಟುಹನಿಗಳನ್ನು ಹೊತ್ತು ಕುಳಿತಿರುತ್ತದೆ. ಪ್ರವಾಸಕ್ಕೆ ಆ ಕಡೆ ಹೋದಾಗ ಮಕ್ಕಳನ್ನು ಮಂಡಿಯೂರಿಸಿ ತೋರಿಸಿ. ಕೀಳಬೇಡಿ, ಎಷ್ಟು ಬಡ ನೆಲದಲ್ಲಿ ಅದು ಬದುಕಿದೆ ಎಂದಷ್ಟೇ ಹೇಳಿ.

ನನ್ನ ನೋಟ್ಸು ಬರೆದುಕೊಂಡಿದ್ದ ಎಲ್ಲರಲ್ಲಿಯೂ ಕ್ಷಮೆ ಕೋರುತ್ತೇನೆ. ಹಳೆಯ ಪುಸ್ತಕ ಇನ್ನೂ ಇಟ್ಟುಕೊಂಡಿದ್ದರೆ, ಆ ಸಾಲನ್ನು ಹೊಡೆದುಹಾಕಿ.