ಮುರಿದ ಖಡ್ಗದ ಬೆಲೆ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎನ್ನುತ್ತದೆ ನಮ್ಮ ಗಾದೆ. ಒಡೆದುದನ್ನು ಕೂಡಿಸಬಹುದೆ, ಕೂಡಿಸಿದರೆ ಅದು ಮೊದಲಿನದೇ ಆದೀತೆ ಎಂಬ ಪ್ರಶ್ನೆ ಆಟದ ಮೇಜಿನ ಮೇಲೂ ಏಳುತ್ತದೆಂದರೆ ಕೆಲವು ವಾಚಕರು ನಕ್ಕಾರು. ಆದರೂ ಅದು ವಿಚಾರಕ್ಕೆ ಯೋಗ್ಯವೆಂದೇ ನನ್ನ ಭಾವನೆ.

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ 1974ರಲ್ಲಿ ಪ್ರಕಟವಾಯಿತು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಿಂದಲೂ ದಾಳದಿಂದಲೂ ಕಥೆಯೊಂದನ್ನು ಕಟ್ಟುತ್ತಾರೆ, ಅವರಲ್ಲೊಬ್ಬನು ಸೂತ್ರಧಾರ. ಆ ಕಥಾಲೋಕದಲ್ಲಿ ಮಂತ್ರಶಕ್ತಿಯುಳ್ಳ ಖಡ್ಗ, ಉಂಗುರ, ದಂಡಗಳುಂಟು. 2014ರ ಐದನೆಯ ಆವೃತ್ತಿಯಲ್ಲಿ ಹಲವು ಮಂತ್ರದಂಡಗಳ ಕೊನೆಯ ಶಕ್ತಿಯನ್ನೂ ವ್ಯಯಿಸಿದವನು ಇಪ್ಪತ್ತು ಮುಖದ ದಾಳವನ್ನು ಉರುಳಿಸಬೇಕು; ಒಂದು ಬಿದ್ದರೆ ದಂಡ ಬೂದಿ. ಅದೇ ಆವೃತ್ತಿಯಲ್ಲಿ ‘ಮೆಂಡಿಂಗ್’ ಎಂಬ ಪುಟ್ಟ ಮಂತ್ರವಿದೆ. ಒಂದು ನಿಮಿಷದಲ್ಲಿ ಅದು ಒಂದು ಅಡಿಯನ್ನು ಮೀರದ ಬಿರುಕನ್ನು ಕೂಡಿಸಬಲ್ಲುದು. ಮಂತ್ರವಸ್ತುವಿನ ದೇಹವನ್ನೂ ಕೂಡಿಸೀತು. ಅಗಲಿದ ಶಕ್ತಿಯನ್ನು ಮಾತ್ರ ಮರಳಿ ತರಲಾರದು.

ಹಾಗಾದರೆ ಆ ಶಕ್ತಿಯ ಗತಿಯೇನು? ಹೊನ್ನು ತೆತ್ತರೆ ಕಮ್ಮಾರನು ಸರಿಪಡಿಸಿಕೊಡಲಿ ಎನ್ನುವವರುಂಟು. ಹೋದುದು ಹೋಯಿತೆನ್ನುವ ನಿಷ್ಠುರರೂ ಉಂಟು. ನನಗೆ ಎರಡೂ ಒಪ್ಪಿಗೆಯಿಲ್ಲ. ಹಣ ಕೊಟ್ಟೊಡನೆ ನಷ್ಟ ಅಳಿಯುವುದಾದರೆ ವೀರನ ಸಾಹಸಕ್ಕೆ ಅರ್ಥವಿಲ್ಲ. ಅವನು ಪಣಕ್ಕೊಡ್ಡಿದುದು ಬರಿಯ ಚಿಲ್ಲರೆ. ಎಂದೆಂದಿಗೂ ಮರಳದೆಂದರೆ ಆಟಗಾರನು ಭಯದಿಂದ ಖಡ್ಗವನ್ನು ಒರೆಯಿಂದ ಹಿರಿಯುವುದೇ ಇಲ್ಲ. ಜಿಪುಣನ ಹೊನ್ನಿನಂತೆ ಅದು ಯಾರಿಗೂ ಒದಗದೆ ಉಳಿಯುತ್ತದೆ.

ಈ ಆಟಕ್ಕೆ ಪ್ರೇರಣೆಯಿತ್ತ ಕಥೆಗಳು ಮೂರನೆಯ ದಾರಿಯನ್ನು ತೋರಿವೆ. ಹದಿಮೂರನೆಯ ಶತಮಾನದ ಐಸ್‌ಲೆಂಡಿನ ವೋಲ್ಸುಂಗ ಕಥೆಯಲ್ಲಿ ಸಿಗ್ಮುಂಡನ ಖಡ್ಗ ಓಡಿನ್ ದೇವನ ಈಟಿಗೆ ತಾಗಿ ಮುರಿಯುತ್ತದೆ. ಅದರ ತುಂಡುಗಳನ್ನು ಮಗ ಸಿಗುರ್ಡನು ತಾಯಿಯಿಂದ ಪಡೆದು, ರೆಗಿನ್ ಎಂಬ ಕಮ್ಮಾರನಿಂದ ಮತ್ತೆ ಬಡಿಸಿಕೊಳ್ಳುತ್ತಾನೆ. 1954ರಲ್ಲಿ ಹೊರಬಂದ ಟೋಲ್ಕೀನರ ಮಹಾಕಥೆಯ ಮೊದಲ ಸಂಪುಟದಲ್ಲಿಯೂ ನಾರ್ಸಿಲ್ ಎಂಬ ಮುರಿದ ಖಡ್ಗ ಕುಲುಮೆಯನ್ನು ಹೊಕ್ಕು ಆಂಡುರಿಲ್ ಎಂಬ ಹೊಸ ಹೆಸರಿನಿಂದ ಹೊರಬರುತ್ತದೆ. ಎರಡರಲ್ಲೂ ತುಂಡುಗಳನ್ನು ಶ್ರದ್ಧೆಯಿಂದ ಕಾಪಾಡಿದವರಿದ್ದಾರೆ. ಬಡಿದು ಕೂಡಿಸುವ ನಿಪುಣರಿದ್ದಾರೆ. ಮುಂದಿನ ಘನಕಾರ್ಯವೊಂದು ಕಾದಿದೆ.

ಆದಕಾರಣ ಸೂತ್ರಧಾರರಲ್ಲಿ ನನ್ನ ಅರಿಕೆ ಇಷ್ಟೆ. ಬೂದಿಯಾದುದು ಬೂದಿಯಾಗಿಯೇ ಇರಲಿ. ತುಂಡಾದುದಕ್ಕೆ ದಾರಿಯಿರಲಿ, ಆದರೆ ಅದು ಅಂಗಡಿಯ ದಾರಿಯಾಗದಿರಲಿ. ಒಡೆಯನು ಬಲ್ಲವರನ್ನು ಅರಸಿ ಹೋಗಲಿ, ತನ್ನದೇನನ್ನಾದರೂ ತೆರಲಿ. ಮರಳಿ ಬಂದ ಆಯುಧಕ್ಕೆ ಬೆಸುಗೆಯ ಗುರುತೂ ಹೊಸ ಹೆಸರೂ ಇರಲಿ. ಆಟಕ್ಕೆ ಇಷ್ಟು ಗಾಂಭೀರ್ಯವೇಕೆ ಎಂದು ಕೇಳುವವರಿಗೆ ನನ್ನ ಉತ್ತರ: ಕಳೆದುಕೊಂಡ ಮೇಲೆ ನಡೆದುಕೊಳ್ಳುವ ಬಗೆಯನ್ನು ನಾವು ಕಥೆಗಳಿಂದಲೇ ಕಲಿತದ್ದು, ಈ ಆಟವೂ ಒಂದು ಕಥೆಯೇ ಅಲ್ಲವೆ?