ಹದಿನೆಂಟು ದಿನದ ಅತಿಥಿ, ಹದಿನೆಂಟು ತಿಂಗಳ ಸೇವಕ

ಅಮೆರಿಕದ ಯೂಟಾ ರಾಜ್ಯದಲ್ಲಿ ಕೇಂದ್ರವನ್ನು ಹೊಂದಿರುವ, 1830ರಲ್ಲಿ ಸ್ಥಾಪನೆಯಾದ ಮಾರ್ಮನ್ ಕ್ರೈಸ್ತ ಸಭೆಯಲ್ಲಿ ಒಂದು ರೂಢಿಯಿದೆ. ಮಕ್ಕಳ ಹೊಣೆ ಮುಗಿದು ಉದ್ಯೋಗದಿಂದ ನಿವೃತ್ತರಾದ ಗಂಡಹೆಂಡಿರು ಮನೆಗೆ ಬೀಗ ಹಾಕಿ ಧರ್ಮಸೇವೆಗೆಂದು ಪರದೇಶಕ್ಕೆ ಹೊರಡುತ್ತಾರೆ. ಅವಧಿ ಆರು ತಿಂಗಳಿರಬಹುದು, ಹದಿನೆಂಟಿರಬಹುದು, ಇಪ್ಪತ್ತಮೂರೂ ಆಗಬಹುದು. ಖರ್ಚು ಅವರದೇ. ಸಂಬಳವಿಲ್ಲ, ದಕ್ಷಿಣೆಯಿಲ್ಲ. ಹೊರಡುವ ಮೊದಲು ವೈದ್ಯಕೀಯ ತಪಾಸಣೆಯೂ ಕೆಲವು ದಿನಗಳ ತರಬೇತಿಯೂ ಉಂಟು. ಎದೆಯ ಮೇಲೆ ಧರಿಸುವ ಕಪ್ಪು ನಾಮಫಲಕ ಗಂಡನಿಗೊಂದು, ಹೆಂಡತಿಗೊಂದು. ಸೇವೆಗೆ ನೇಮಕವಾಗುವವರು ಇಬ್ಬರೂ. ಒಬ್ಬರ ಹಿಂದೆ ಇನ್ನೊಬ್ಬರು ಹೋದದ್ದೆಂಬ ಲೆಕ್ಕ ಅಲ್ಲಿಲ್ಲ.

ಈ ದಂಪತಿಗಳ ಮೊದಲ ವಾರಗಳಲ್ಲಿ ಭವ್ಯವಾದದ್ದೇನೂ ಇರುವುದಿಲ್ಲ. ಹಿಂದಿನ ದಂಪತಿ ಬಿಟ್ಟುಹೋದ ಬಾಡಿಗೆ ಮನೆ, ಅವರದೇ ಪಾತ್ರೆಪಗಡ, ಹಗಲುರಾತ್ರಿ ತಲೆಕೆಳಗಾಗಿ ಕೆಟ್ಟ ನಿದ್ದೆ, ತರಕಾರಿ ಅಂಗಡಿಯಲ್ಲಿ ಮಾತಿಗೆ ಬದಲು ಕೈಸನ್ನೆ. ಊರಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸಿದವನು ಇಲ್ಲಿ ಬಾಡಿಗೆಯ ಕರಾರು, ವಾಹನದ ದುರಸ್ತಿ, ವೀಸಾ ಕಾಗದಗಳನ್ನು ನೋಡುವ ಗುಮಾಸ್ತನಾಗುತ್ತಾನೆ. ಹೆಂಡತಿ ಕಚೇರಿಯ ಲೆಕ್ಕಪತ್ರ ಹಿಡಿಯುತ್ತಾಳೆ. ಇಪ್ಪತ್ತರ ಆಸುಪಾಸಿನ ಯುವ ಪ್ರಚಾರಕರು ಬಿಡಾರ ಹೂಡಿದ ಕೋಣೆಗಳಿಗೆ ಹೋಗಿ ಶುಚಿ ಇದೆಯೇ, ಯಾರಿಗಾದರೂ ಜ್ವರವೇ ಎಂದು ವಿಚಾರಿಸುವುದೂ ಅನೇಕ ಕಡೆ ಅವರ ಪಾಲಿಗೆ ಬರುವ ಕೆಲಸ. ಭಾನುವಾರ ಸಣ್ಣದೊಂದು ಸಭೆಯಲ್ಲಿ ಅರ್ಧಕ್ಕರ್ಧ ಮಾತು ತಿಳಿಯದೆ ಕುಳಿತಿರಬೇಕು. ಮೊಮ್ಮಗು ಹುಟ್ಟಿದ ಸುದ್ದಿಯನ್ನು ಫೋನಿನ ಪರದೆಯ ಮೇಲೆ ನೋಡಿ ಸಂತೋಷಪಡಬೇಕು. ಕೆಲವು ವಾರ ಕಳೆದ ಮೇಲೆ ಅಲ್ಲಿನವರು ಮನೆಯ ಕಷ್ಟಸುಖ ಹೇಳತೊಡಗುತ್ತಾರೆ. ಸೇವೆ ನಿಜವಾಗಿ ಆರಂಭವಾಗುವುದು ಆಗ.

ಆ ಸಭೆಯದೆಲ್ಲವೂ ಮೆಚ್ಚತಕ್ಕದ್ದೇನಲ್ಲ. ಅದರ ಪ್ರಚಾರಕರ ಮುಖ್ಯ ಗುರಿ ಮತಾಂತರ. ಅನೇಕಾಂತವನ್ನು ನಂಬಿದ ಧರ್ಮಕ್ಕೆ ಅದು ಆದರ್ಶವಾಗಲಾರದು. ಕಪ್ಪು ಜನಾಂಗದ ಪುರುಷರಿಗೆ 1978ರವರೆಗೆ ಪೌರೋಹಿತ್ಯವನ್ನು ನಿರಾಕರಿಸಿದ ಸಭೆಯದು; ಸ್ತ್ರೀಯರಿಗೆ ಇಂದಿಗೂ ನಿರಾಕರಿಸುತ್ತಿದೆ. ಆದರೆ ಎದುರಾಳಿಯ ಅಂಗಳದಲ್ಲೂ ಕಲಿಯತಕ್ಕ ಗುಣವಿದ್ದರೆ ಕಲಿಯಬೇಕೆನ್ನುವುದೂ ಅನೇಕಾಂತವೇ. ಅರುವತ್ತು ದಾಟಿದ ಗೃಹಸ್ಥನನ್ನು ಧರ್ಮದ ಕೆಲಸಕ್ಕೆ ಬೇಕಾದವನೆಂದು ಅವರು ತಿಳಿದಿದ್ದಾರೆ. ಜೈನ ಸಮಾಜ ಅವನನ್ನು ಏನೆಂದು ತಿಳಿದಿದೆ?

ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಕನ್ನಡ ಜೈನ ಕುಟುಂಬಗಳಿಂದ ವರ್ಷವರ್ಷವೂ ಹಿರಿಯ ದಂಪತಿಗಳು ಅಮೆರಿಕಕ್ಕೆ, ಇಂಗ್ಲೆಂಡಿಗೆ, ದುಬೈಗೆ ಹೋಗಿಬರುತ್ತಾರೆ. ಮಗಳ ಬಾಣಂತನ, ಮೊಮ್ಮಗನ ಆರೈಕೆ, ಆರು ತಿಂಗಳ ಪ್ರವಾಸಿ ವೀಸಾ. ಇದರಲ್ಲಿ ತಪ್ಪೇನೂ ಇಲ್ಲ. ಮನೆಯವರ ಸೇವೆಯೂ ಸೇವೆಯೇ. ಆದರೆ ಹೋಗಿಬಂದವರಲ್ಲಿ ಎಷ್ಟು ಜನ ಆ ಊರಿನ ಬಸದಿಯ ಮಕ್ಕಳ ಪಾಠಶಾಲೆಯಲ್ಲಿ ಒಂದು ತಿಂಗಳು ಕುಳಿತಿದ್ದಾರೆ? ಪಕ್ಕದ ಬೀದಿಯ ಇನ್ನೊಂದು ಜೈನ ಮನೆಯ ಬಾಗಿಲು ತಟ್ಟಿದ್ದಾರೆ? ಅವರನ್ನು ಹಾಗೆ ಕೇಳಿದವರಾದರೂ ಯಾರು? ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಅಜ್ಜ ಅಲ್ಲಿ ಕಿಟಕಿಯಾಚೆಗಿನ ಹಿಮ ನೋಡುತ್ತ ಕೂರುತ್ತಾನೆ. ಭಕ್ತಾಮರ ಬಾಯಿಪಾಠವಿರುವ ಅಜ್ಜಿ ಧಾರಾವಾಹಿ ನೋಡುತ್ತಾಳೆ. ಸಮಾಜದ ಅತ್ಯಂತ ಬೆಲೆಯುಳ್ಳ ಸೊತ್ತು ಹೀಗೆ ಸೋಫಾದ ಮೇಲೆ ವ್ಯರ್ಥವಾಗುತ್ತಿದೆ.

ಪರದೇಶದ ಧರ್ಮಸೇವೆ ಗೃಹಸ್ಥರದೇ ಹೊಣೆಯಾಗಿರುವುದಕ್ಕೆ ಕಾರಣ ಸ್ಪಷ್ಟ. ದಿಗಂಬರ ಮುನಿಗಳು, ಆರ್ಯಿಕೆಯರು ಕಾಲ್ನಡಿಗೆಯಲ್ಲೇ ವಿಹರಿಸುವವರು. ಸಮುದ್ರ ದಾಟಲಾರರು, ದಾಟಬೇಕೆಂದು ಬಯಸುವುದೂ ಸಲ್ಲದು. 1893ರಲ್ಲಿ ಷಿಕಾಗೋ ಸರ್ವಧರ್ಮ ಸಮ್ಮೇಳನದ ಆಹ್ವಾನ ಬಂದದ್ದು ಶ್ವೇತಾಂಬರ ಆಚಾರ್ಯ ವಿಜಯಾನಂದಸೂರಿಗಳಿಗೆ. ವ್ರತದ ಕಾರಣ ಅವರು ಹೋಗಲಾರದೆ ಇಪ್ಪತ್ತೊಂಬತ್ತು ವರ್ಷದ ಗೃಹಸ್ಥ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದರು. ಆ ಯಾತ್ರೆಗೆ ಸಾಂಪ್ರದಾಯಿಕರಿಂದ ಬಂದ ವಿರೋಧ ಸಣ್ಣದಾಗಿರಲಿಲ್ಲ. ಮುಂದೆ ದಿಗಂಬರರಲ್ಲಿ ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್ ಯುರೋಪಿನಲ್ಲಿ ಉಪನ್ಯಾಸ ನೀಡಿದರು, ಅವರೂ ಗೃಹಸ್ಥರೇ. 1975ರಲ್ಲಿ ಆಚಾರ್ಯ ಸುಶೀಲಕುಮಾರರು ವಿಮಾನವೇರಿ ಅಮೆರಿಕಕ್ಕೆ ಹೋದಾಗ ವಿವಾದವೆದ್ದಿತು. ತೇರಾಪಂಥದ ಆಚಾರ್ಯ ತುಲಸಿಯವರು 1980ರಲ್ಲಿ ಸಮಣ ಶ್ರೇಣಿಯನ್ನೇ ಆರಂಭಿಸಿ, ಮುನಿಧರ್ಮಕ್ಕೂ ಗೃಹಸ್ಥಧರ್ಮಕ್ಕೂ ನಡುವೆ ಪ್ರಯಾಣ ಮಾಡಬಲ್ಲ ಒಂದು ವರ್ಗವನ್ನು ನಿಲ್ಲಿಸಿದರು. ಒಬ್ಬೊಬ್ಬರೂ ತಮ್ಮ ಕಾಲದ ಕಷ್ಟಕ್ಕೆ ತಮಗೆ ತೋಚಿದ ದಾರಿಯನ್ನು ಕಂಡುಕೊಂಡರು. ಕನ್ನಡದ ಜೈನ ಸಮಾಜ ಯಾವ ದಾರಿಯನ್ನು ಕಂಡುಕೊಂಡಿದೆ?

ಈಗ ಇರುವ ದಾರಿ ಹದಿನೆಂಟು ದಿನದ್ದು. ಶ್ವೇತಾಂಬರರ ಪರ್ಯುಷಣದ ಎಂಟು ದಿನ, ದಿಗಂಬರರ ದಶಲಕ್ಷಣದ ಹತ್ತು ದಿನ. ಆ ದಿನಗಳಿಗೆಂದು ಭಾರತದಿಂದ ವಿದ್ವಾಂಸರನ್ನು ಪರದೇಶದ ಕೇಂದ್ರಗಳು ಕರೆಸಿಕೊಳ್ಳುತ್ತವೆ. ಹಾರ, ಶಾಲು, ಹಿಂದಿಯಲ್ಲೋ ಗುಜರಾತಿಯಲ್ಲೋ ಪ್ರವಚನ, ಛಾಯಾಚಿತ್ರ, ಮರಳಿ ವಿಮಾನ. ವಿದ್ವಾಂಸರ ವಿದ್ವತ್ತಿನ ಬಗ್ಗೆ ದೂರಿಲ್ಲ. ಆದರೆ ಹದಿನೆಂಟು ದಿನದ ಅತಿಥಿಗೆ ಯಾವ ಮನೆಯೂ ತನ್ನ ಗುಟ್ಟು ಹೇಳುವುದಿಲ್ಲ. ಡಿಸೆಂಬರಿನ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಶಾಲೆಯಿಂದ ಆಗತಾನೆ ಬಂದ ಹುಡುಗಿ ರಾತ್ರಿಭೋಜನ ತ್ಯಾಗವನ್ನು ಹೇಗೆ ಪಾಲಿಸಬೇಕು? ಮಿಠಾಯಿಯಲ್ಲಿ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜೆಲಟಿನ್ ಇದೆಯೆಂದು ಯಾವ ಸಾಲನ್ನು ಓದಿ ತಿಳಿಯಬೇಕು? ಗೆಳತಿಯ ಹುಟ್ಟುಹಬ್ಬದಲ್ಲಿ ತಟ್ಟೆಯನ್ನು ದೂರ ಸರಿಸಿದಾಗ ನಕ್ಕವರಿಗೆ ಏನು ಹೇಳಬೇಕು? ಇವು ಪ್ರವಚನಪೀಠದ ಪ್ರಶ್ನೆಗಳಲ್ಲ, ಅಡಿಗೆಮನೆಯ ಪ್ರಶ್ನೆಗಳು. ಇವಕ್ಕೆ ಉತ್ತರ ಹೇಳಬಲ್ಲವರು ಪಕ್ಕದಲ್ಲಿ ಬಹಳ ದಿನ ಇರುವವರು ಮಾತ್ರ.

ಕನ್ನಡದ ಮಕ್ಕಳಿಗೆ ಇನ್ನೊಂದು ನಷ್ಟವಿದೆ. ಪರದೇಶದ ಜೈನ ಕೇಂದ್ರಗಳಲ್ಲಿ ಬಹುಮಟ್ಟಿಗೆ ಕೇಳುವುದು ಗುಜರಾತಿ, ಹಿಂದಿ, ಇಂಗ್ಲಿಷ್. 941ರಲ್ಲಿ ಪಂಪ ಆದಿಪುರಾಣವನ್ನು ಬರೆದ ಭಾಷೆಯ ಮಗು ಭರತ ಬಾಹುಬಲಿಯರ ಕಥೆಯನ್ನು ಇಂಗ್ಲಿಷಿನ ಚಿತ್ರಪುಸ್ತಕದಲ್ಲಿ ಓದುತ್ತದೆ, ಇಲ್ಲವೇ ಓದುವುದೇ ಇಲ್ಲ. ಗೊಮ್ಮಟನ ಮುಂದೆ ನಿಂತು ‘ಇವನೇಕೆ ಗೆದ್ದ ರಾಜ್ಯವನ್ನು ಬಿಟ್ಟ?’ ಎಂದು ಕೇಳುವ ಮಗುವಿಗೆ ಕನ್ನಡದಲ್ಲಿ ಉತ್ತರ ಹೇಳುವ ಅಜ್ಜಿ ಬೇಕು. ಮುಂಬಯಿ, ಪುಣೆಯ ಕುಟುಂಬಗಳಿಗೆ ಇದು ಪರರ ಕಥೆಯಲ್ಲ. ಅವರ ಮನೆಯಲ್ಲೂ ಆ ಕೊಂಡಿ ಸಡಿಲುತ್ತಿದೆ.

2011ರ ಜನಗಣತಿಯಲ್ಲಿ ದೇಶದ ಜೈನರ ಸಂಖ್ಯೆ ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂಬ ಮಾನ್ಯತೆ ನೀಡಿತು. ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಮನವಿ ಸಲ್ಲಿಸಿದ ಮುಖಂಡರು ಅದು ಕೈಗೆ ಬಂದ ಮೇಲೆ ಧರ್ಮವೇ ಉಳಿದಂತೆ ನೆಮ್ಮದಿಯಾದರು. ಪ್ರಮಾಣಪತ್ರ ವಿದ್ಯಾರ್ಥಿವೇತನವನ್ನು ಕೊಡಿಸಬಲ್ಲದು, ಸಂಸ್ಥೆಗಳ ಹಕ್ಕನ್ನು ಕಾಯಬಲ್ಲದು. ಣಮೋಕಾರ ಮಂತ್ರವನ್ನು ಮಗುವಿನ ಬಾಯಿಗೆ ತರಲಾರದು.

ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳನ್ನು ಹೇಳುತ್ತದೆ. ಅವುಗಳಲ್ಲಿ ಕೊನೆಯದು ಪ್ರಭಾವನಾ. ಸಮಾಜಕ್ಕೆ ಇಂದು ನೆನಪಿರುವುದು ಅದೊಂದೇ. ಅದೂ ಮೆರವಣಿಗೆ, ಧ್ವನಿವರ್ಧಕ, ಕಲಶಗಳ ಹರಾಜು ಎಂಬ ಅರ್ಥದಲ್ಲಿ. ಅದಕ್ಕೆ ಮೊದಲು ಬರುವ ಸ್ಥಿತೀಕರಣವನ್ನೂ ವಾತ್ಸಲ್ಯವನ್ನೂ ಕೇಳುವವರಿಲ್ಲ. ಜಾರುತ್ತಿರುವವನನ್ನು ಕೈಹಿಡಿದು ನಿಲ್ಲಿಸುವುದು ಸ್ಥಿತೀಕರಣ. ಬಿಟ್ಟುಬಂದ ಮನೆಯ ನೆನಪಿನಲ್ಲಿ ಮನಸ್ಸು ಕದಡಿದ ಸಂಗಡಿಗನನ್ನು ವಾರಿಷೇಣ ಮುನಿ ಗದರಿಸಲಿಲ್ಲ, ಹೊರಗೂ ಹಾಕಲಿಲ್ಲ. ತಾನು ತೊರೆದುಬಂದ ಅರಮನೆಗೇ ಕರೆದೊಯ್ದು ತೋರಿಸಿ, ಅವನನ್ನು ಮತ್ತೆ ನೆಲೆಗೊಳಿಸಿದ. ಅದಕ್ಕೆ ಜೊತೆಗೆ ನಡೆಯುವ ತಾಳ್ಮೆ ಬೇಕಿತ್ತು. ಇಂದು ಸಮಾಜ ಪರದೇಶಕ್ಕೆ ಕಳುಹಿಸುವುದು ಅಮೃತಶಿಲೆಯ ಬಿಂಬಗಳನ್ನು, ದೇಣಿಗೆಗಳನ್ನು, ಹದಿನೆಂಟು ದಿನದ ಅತಿಥಿಗಳನ್ನು. ಲೀಸ್ಟರ್, ಆಂಟ್ವರ್ಪ್, ಮಿಲ್ಪಿಟಾಸ್‌ಗಳಲ್ಲಿ ಸುಂದರ ಮಂದಿರಗಳು ನಿಂತಿವೆ. ಕಲ್ಲು ಹೋಗಿ ತಲುಪಿದೆ. ಮನುಷ್ಯ ಇನ್ನೂ ಹೊರಟಿಲ್ಲ.

ಆಕ್ಷೇಪಗಳು ಬಂದೇ ಬರುತ್ತವೆ. ಮೊದಲನೆಯದು ದಿಗ್ವ್ರತದ್ದು: ದಿಕ್ಕುಗಳಿಗೆ ಮಿತಿ ಹಾಕಿಕೊಳ್ಳಬೇಕಾದ ಶ್ರಾವಕ ಸಮುದ್ರ ದಾಟಬಹುದೇ? ಮಗನ ಮನೆಗೆ ಹಾರುವಾಗ ನೆನಪಾಗದ ದಿಗ್ವ್ರತ ಧರ್ಮಸೇವೆಯ ಮಾತೆತ್ತಿದೊಡನೆ ನೆನಪಾಗುವುದು ವಿಚಿತ್ರ. ಆ ವ್ರತದಲ್ಲಿ ಮಿತಿಯನ್ನು ಗೊತ್ತುಮಾಡಿಕೊಳ್ಳುವವನು ಶ್ರಾವಕನೇ. ಅದರ ಉದ್ದೇಶ ಲೋಭವನ್ನೂ ಹಿಂಸೆಯನ್ನೂ ಕಡಿಮೆ ಮಾಡುವುದು. ನಿಜವಾಗಿ ದಿಗ್ವ್ರತ ಸ್ವೀಕರಿಸಿದವರು ತಮ್ಮ ಮಿತಿಯೊಳಗಿನ ಊರಲ್ಲೇ ಸೇವೆ ಮಾಡಲಿ. ಸ್ವೀಕರಿಸದವರು ಅದನ್ನು ನೆಪವಾಗಿ ಹಿಡಿಯದಿರಲಿ.

ಎರಡನೆಯ ಆಕ್ಷೇಪ: ಇದು ಮಿಷನರಿಗಳ ಅನುಕರಣೆ. ಮಾರ್ಮನ್ ಸಭೆ ಬೆಂಗಳೂರಿನಲ್ಲಿ ತನ್ನ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿತು. ಇಂಥ ಸುದ್ದಿ ಬಂದಾಗ ಮತಾಂತರದ ಭಯವನ್ನು ಊದಿ ಬೆಂಕಿ ಮಾಡುವ ರಾಜಕಾರಣಿಗಳಿದ್ದಾರೆ. ಅವರಿಗೆ ಚಪ್ಪಾಳೆ ತಟ್ಟುವ ಜೈನರೂ ಇದ್ದಾರೆ. ಆದರೆ ಜೈನ ಮನೆಗಳಲ್ಲಿ ಧರ್ಮ ಮರೆಯಾಗುತ್ತಿರುವುದು ಪರರ ಪ್ರಚಾರದಿಂದಲ್ಲ, ಸ್ವಜನರ ಅಲಕ್ಷ್ಯದಿಂದ. ಬಾಗಿಲು ತಟ್ಟುವವರನ್ನು ಬೈಯುವುದು ಸುಲಭ, ತಾನೇ ಹೋಗಿ ಒಂದು ಬಾಗಿಲು ತಟ್ಟುವುದು ಕಷ್ಟ. ಜೈನ ದಂಪತಿ ಅನ್ಯರನ್ನು ಜೈನರನ್ನಾಗಿ ಮಾಡಬೇಕಾಗಿಲ್ಲ. ಜೈನರ ಮನೆಗೆ ಹೋದರೆ ಸಾಕು.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಆಚರಿಸುತ್ತಾರೆ: ಗಂಡಸು ಪ್ರವಚನ ಮಾಡುವುದು, ಹೆಂಗಸು ಅಡಿಗೆ ಮಾಡುವುದು. ಈ ಏರ್ಪಾಡನ್ನು ಪರದೇಶಕ್ಕೂ ಹೊತ್ತುಕೊಂಡು ಹೋಗುವುದಾದರೆ ಯಾರೂ ಹೋಗದಿರುವುದೇ ಲೇಸು. ಚತುರ್ವಿಧ ಸಂಘದಲ್ಲಿ ಶ್ರಾವಿಕೆಗೆ ತನ್ನದೇ ಸ್ಥಾನವಿದೆ. ಸ್ತೋತ್ರ, ವ್ರತಕಥೆ, ಆಹಾರಶುದ್ಧಿಗಳನ್ನು ಮನೆಗಳಲ್ಲಿ ಉಳಿಸಿಕೊಂಡು ಬಂದವಳು ಅವಳೇ. ನೇಮಕಪತ್ರದಲ್ಲಿ ಇಬ್ಬರ ಹೆಸರೂ ಇರಬೇಕು, ಪಾಠದ ಪೀಠದಲ್ಲಿ ಇಬ್ಬರಿಗೂ ಸರದಿ ಇರಬೇಕು, ಅಡಿಗೆಮನೆಯಲ್ಲೂ ಹಾಗೆಯೇ.

ಕೆಲಸ ಆರಂಭವಾಗಲು ದೊಡ್ಡ ಸಮ್ಮೇಳನ ಬೇಕಿಲ್ಲ. ಶ್ರವಣಬೆಳಗೊಳ, ಮೂಡುಬಿದಿರೆ, ಹೊಂಬುಜ ಮೊದಲಾದ ಮಠಗಳಲ್ಲಿ ಯಾವುದಾದರೊಂದು ಮಠ ವರ್ಷಕ್ಕೆ ಒಂದು ತಿಂಗಳ ತರಬೇತಿ ನಡೆಸಲಿ. ಅಲ್ಲಿ ಶ್ರಾವಕಾಚಾರದ ಜೊತೆಗೆ ಆಹಾರ ಪೊಟ್ಟಣದ ಬರೆಹ ಓದುವುದನ್ನೂ, ಹದಿಹರೆಯದವರ ಪ್ರಶ್ನೆಗೆ ಸಿಟ್ಟಾಗದೆ ಉತ್ತರಿಸುವುದನ್ನೂ, ಹೋಗುವ ದೇಶದ ಕಾನೂನನ್ನೂ ಕಲಿಸಲಿ. ಧರ್ಮಸೇವೆಗೆ ಯಾವ ವೀಸಾ ಸಲ್ಲುತ್ತದೋ ಅದರಲ್ಲೇ ಹೋಗಲಿ; ಸತ್ಯಾಣುವ್ರತ ವಲಸೆ ಅಧಿಕಾರಿಯ ಮುಂದೆಯೂ ಅನ್ವಯಿಸುತ್ತದೆ. ಮೊದಲ ಮೂರು ತಿಂಗಳ ಸೇವೆ ಪುಣೆಯಲ್ಲೋ ಹೈದರಾಬಾದಿನಲ್ಲೋ ದೆಹಲಿಯಲ್ಲೋ ಆಗಲಿ; ಅಲ್ಲಿ ಹದಗೊಂಡವರು ಪರದೇಶಕ್ಕೆ ಹೊರಡಲಿ. ಶಕ್ತರು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳಲಿ. ನಿವೃತ್ತ ಶಿಕ್ಷಕರಂಥ ಅಲ್ಪ ವರಮಾನದವರಿಗಾಗಿ ಕಲಶದ ಹರಾಜಿನಲ್ಲಿ ಬರುವ ಹಣದ ಹತ್ತರಲ್ಲೊಂದು ಪಾಲನ್ನು ತೆಗೆದಿಡಲಿ. ಇಲ್ಲವಾದರೆ ಸೇವೆಯೂ ಹಣವಂತರ ಇನ್ನೊಂದು ಆಭರಣವಾಗುತ್ತದೆ. ಹಾರ ಬೇಡ, ಶಾಲು ಬೇಡ, ಬೀಳ್ಕೊಡುಗೆಯ ಮೆರವಣಿಗೆ ಬೇಡ. ಮರಳಿದ ಮೇಲೆ ಎಷ್ಟು ಮನೆಗೆ ಹೋದರು, ಎಷ್ಟು ಮಕ್ಕಳಿಗೆ ಕಲಿಸಿದರು, ಎಷ್ಟು ಖರ್ಚಾಯಿತು ಎಂಬ ಒಂದು ಪುಟದ ಲೆಕ್ಕ ಸಮಾಜದ ಮುಂದೆ ಬಂದರೆ ಸಾಕು.

ಇದು ಈ ಸಮಾಜಕ್ಕೆ ಅಸಾಧ್ಯವೆನ್ನುವಂತಿಲ್ಲ. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಹಳ್ಳಿಯ ಬಡ ಮಕ್ಕಳ ಓದಿಗೆ ವಿದ್ಯಾರ್ಥಿನಿಲಯಗಳನ್ನು ನಡೆಸಿತು. ಸಮಾಜದ ಮುಖ್ಯ ಧನ ಮನುಷ್ಯನೆಂದು ಆ ಹಿರಿಯರಿಗೆ ತಿಳಿದಿತ್ತು. ಮುಂದಿನ ಮಹಾಮಸ್ತಕಾಭಿಷೇಕ 2030ರಲ್ಲಿ ಬರಬೇಕು. ಅದರ ಅಟ್ಟಣಿಗೆ, ರಸ್ತೆ, ವಸತಿಗಳಿಗಾಗಿ ಸಮಿತಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಸರ್ಕಾರದ ಮುಂದೆ ಕೋಟಿಗಳ ಬೇಡಿಕೆಯೂ ಇಡಲ್ಪಡುತ್ತದೆ. ಅಷ್ಟರೊಳಗೆ ಹತ್ತೇ ಹತ್ತು ದಂಪತಿಗಳು ಹತ್ತು ಊರುಗಳಲ್ಲಿ ಹದಿನೆಂಟು ತಿಂಗಳು ಕುಳಿತು ಬಂದರೆ, ಬೆಟ್ಟದ ಮೇಲೆ ಹಾಲು ತುಪ್ಪ ಸುರಿಯುವ ದಿನ ಕೆಳಗೆ ನಿಂತ ಮಗುವಿಗೆ ಮೇಲೆ ನಿಂತವನು ಯಾರೆಂದು ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಆ ಅಭಿಷೇಕ ಕಲ್ಲಿಗೆ ಮಾತ್ರ ನಡೆದಂತೆ.